ಕೈಗಡದ ಪೆಟ್ಟಿಗೆಗೊಂದು ಹೆಸರು

ಕೊಪ್ಪಳದ ಗವಿಮಠದ ಜಾತ್ರೆಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಿಂದ ಜನ ಹೊಳೆಯಾಗಿ ಬರುತ್ತಾರೆ. ಆ ಗದ್ದಲದಲ್ಲಿ ಕೈಯೊಳಗಿನ ಮೊಬೈಲು ಆರಿಹೋದರೆ ಎಂಥ ಪೇಚೆಂಬುದನ್ನು ಅನುಭವಿಸಿದವರೇ ಬಲ್ಲರು. ಕೈತಪ್ಪಿದ ಮಗನನ್ನು ಕರೆಯುವಂತಿಲ್ಲ. ಇಂದು ಹಣದ ಚೀಲವೂ ಅದೇ ಆಗಿರುವುದರಿಂದ ಬಸ್ಸಿಗೆ ಕೊಡಲು ಕಾಸೂ ಇಲ್ಲ.

ಇದಕ್ಕೆ ದೊಡ್ಡ ಪಟ್ಟಣಗಳಲ್ಲಿ ಒಂದು ಉಪಾಯವುಂಟು. ಪೆಟ್ಟಿಗೆಯೊಂದರಿಂದ ಪವರ್ ಬ್ಯಾಂಕನ್ನು ಬಾಡಿಗೆಗೆ ಪಡೆದು, ಕೆಲಸ ಮುಗಿದ ಮೇಲೆ ಅಲ್ಲಿಯೋ ಅಂಥ ಇನ್ನೊಂದು ಪೆಟ್ಟಿಗೆಯಲ್ಲಿಯೋ ಮರಳಿಸುವುದು. ಈ ಬಗೆ ನಮ್ಮ ನಾಡಿಗೆ ತೀರ ಹೊಸದಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸೆಲ್ಕೊ ಸಂಸ್ಥೆಯು, ಒಬ್ಬನು ಸೂರ್ಯಶಕ್ತಿಯಿಂದ ದೀಪಗಳನ್ನು ಚಾರ್ಜು ಮಾಡಿ ಬೀದಿ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡುವ ಕ್ರಮವನ್ನು ರೂಢಿಗೆ ತಂದಿತು.

ಅಂಥ ಪೆಟ್ಟಿಗೆ ನಮ್ಮ ಜಾತ್ರೆಗೂ ಬರುವುದಾದರೆ ಅದರ ಹೆಸರೇನು, ಗುರುತೇನು? ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಅರಿಯದ ಯಂತ್ರಕ್ಕೆ ತನ್ನ ಹಣದ ಚೀಲವನ್ನು ತಗುಲಿಸುವವನಿಗೆ ಹೆಸರೇ ಮೊದಲ ಜಾಮೀನು.

ನನಗೆ ಮೊದಲು ಹೊಳೆದ ಹೆಸರು ‘ಅರವಟ್ಟಿಗೆ’. ಬಾಯಾರಿದ ದಾರಿಗನು ನೀರು ಕುಡಿದು, ಚೊಂಬನ್ನು ಮುಂದಿನವನಿಗೆ ಇಟ್ಟು ಹೋಗುವ ತಾಣ. ಆದರೆ ಹಳೆಗನ್ನಡದಲ್ಲಿ ‘ಅಱ’ವೆಂದರೆ ಧರ್ಮ. ಬಾಡಿಗೆ ಕೇಳುವ ಪೆಟ್ಟಿಗೆಗೆ ಈ ಹೆಸರಿಟ್ಟರೆ ಹೆಸರೇ ಸುಳ್ಳು ಹೇಳಿದಂತಾಗುತ್ತದೆ. ‘ದಾನ’ ಮರಳುವುದಿಲ್ಲ, ‘ಸಾಲ’ವೆಂದರೆ ಜನ ಬೆಚ್ಚುತ್ತಾರೆ. ಇವೆರಡರ ನಡುವೆ ನಮ್ಮ ಕಡೆಯ ಮಾತೊಂದಿದೆ: ‘ಕೈಗಡ’. ಕೈ, ಕಡ ಎಂಬೆರಡು ಪದಗಳು ಕೂಡಿ ಕಕಾರಕ್ಕೆ ಗಕಾರವು ಆದೇಶವಾಗಿದೆ. ಪತ್ರವಿಲ್ಲದೆ, ನಂಬಿಕೆಯ ಮೇಲೆ, ಸ್ವಲ್ಪ ಹೊತ್ತಿಗೆ ಪಡೆದದ್ದು. ಮರಳಿಸದಿದ್ದರೆ ಮುಖವೆತ್ತಿ ನಡೆಯಲಾಗದು. ಹಂಚಿಕೊಳ್ಳುವ ವಸ್ತುವಿಗೆ ಬೇಕಾದ ನೀತಿಯೆಲ್ಲ ಈ ಮೂರಕ್ಷರದಲ್ಲಿದೆ.

ಇನ್ನು ಗುರುತು. ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಅದರ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಶತಮಾನಗಳ ಕಾಲ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಒಗಟನ್ನು ಬಿಡಿಸಿದನು. ಆದರೆ ನಮ್ಮ ದಾನಶಾಸನಗಳ ತಲೆಯಲ್ಲಿರುವ ಸೂರ್ಯಚಂದ್ರರನ್ನು ಅಕ್ಷರವರಿಯದವನೂ ತಿಳಿದುಕೊಂಡನು. 1951–52ರ ಮಹಾಚುನಾವಣೆಯಲ್ಲಿ ಚಿಹ್ನೆಗಳನ್ನು ಬಳಸಿದುದೂ ಇದೇ ಕಾರಣದಿಂದ. ಆದುದರಿಂದ ಕೊಡುವ ಕೈ, ಮರಳಿಸುವ ಕೈ, ನಡುವೆ ಒಂದು ಮಿಂಚು—ಇಷ್ಟು ಸಾಕು. ಬಣ್ಣವು ಕಿನ್ನಾಳದ ಗೊಂಬೆಗಳಂತೆ ಗಾಢವಾಗಿರಲಿ. ಜಾತ್ರೆಯ ಧೂಳಿನಲ್ಲಿಯೂ ದೂರದಿಂದ ಕಾಣಬೇಕು.

ಕಡೆಯದಾಗಿ ಒಂದು ಮಾತು. ಇಂಥ ಪೆಟ್ಟಿಗೆ ತೆರೆಯಬೇಕಾದರೆ ಅದರ ಮೇಲಿನ ಚೌಕಳಿ ಗುರುತಿಗೆ ಮೊಬೈಲನ್ನು ಹಿಡಿಯಬೇಕು. ಮೊಬೈಲು ಪೂರ್ತಿ ಆರಿದವನು ಏನನ್ನು ಹಿಡಿದಾನು? ಅವನಿಗಾಗಿ ಪಕ್ಕದ ಅಂಗಡಿಯಲ್ಲಿ ಒಬ್ಬ ಮನುಷ್ಯನಿರಬೇಕು. ಬಾಡಿಗೆ ಎಷ್ಟು, ಮರಳಿಸುವುದು ಎಲ್ಲಿ, ಕೇಳುವುದು ಯಾರನ್ನು ಎಂಬ ಮೂರು ಸಂಗತಿಗಳು ದಪ್ಪ ಕನ್ನಡ ಅಕ್ಷರಗಳಲ್ಲಿ ಇರಬೇಕು. ಇವಿಲ್ಲದೆ ಹೆಸರು, ಚಿತ್ರ ಎಷ್ಟು ಚೆಲುವಾಗಿದ್ದರೂ ನೀರಿಲ್ಲದ ಅರವಟ್ಟಿಗೆಗೆ ತೋರಣ ಕಟ್ಟಿದಂತೆಯೇ ಸರಿ.