ಪೊಟ್ಟಣದ ಮೇಲಿನ ಮುಖ ಯಾರದು?



1893ರ ಷಿಕಾಗೋ ಎಂದರೆ ನಮಗೆಲ್ಲ ಮೊದಲು ನೆನಪಾಗುವವರು ಸ್ವಾಮಿ ವಿವೇಕಾನಂದರು. ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಒಂದು ಜಾಗತಿಕ ವಸ್ತುಪ್ರದರ್ಶನದ ಅಂಗವಾಗಿ. ಕೊಲಂಬಸ್ ಅಮೆರಿಕ ತಲುಪಿ 400 ವರ್ಷ ಆದುದರ ಸಂಭ್ರಮ ಅದು. ಅದೇ ಪ್ರದರ್ಶನದಲ್ಲಿ ಮಿಸೌರಿ ರಾಜ್ಯದ ಹಿಟ್ಟಿನ ಗಿರಣಿಯವರದೊಂದು ಮಳಿಗೆ ಇತ್ತು. ತಲೆಗೆ ವಸ್ತ್ರ ಸುತ್ತಿಕೊಂಡ, ಅರವತ್ತರ ಆಸುಪಾಸಿನ ಕಪ್ಪು ಹೆಂಗಸೊಬ್ಬರು ಅಲ್ಲಿ ನಿಂತು ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ಹುಯ್ಯುತ್ತಲೇ ಹಾಡು ಹೇಳುತ್ತಿದ್ದರು, ದಕ್ಷಿಣದ ಹತ್ತಿ ತೋಟಗಳ ಕಾಲ ಎಷ್ಟು ಚೆನ್ನಾಗಿತ್ತೆಂದು ಕತೆ ಹೇಳುತ್ತಿದ್ದರು. ಜನ ಮುಗಿಬಿದ್ದರು. ಆ ಪಾತ್ರದ ಹೆಸರು ಆಂಟ್ ಜೆಮೈಮಾ. ಪಾತ್ರ ಮಾಡುತ್ತಿದ್ದವರ ಹೆಸರು ನ್ಯಾನ್ಸಿ ಗ್ರೀನ್. ಅವರು 1834ರಲ್ಲಿ ಕೆಂಟಕಿಯಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಆ ಕಾಲ ಚೆನ್ನಾಗಿತ್ತೆಂದು ಅವರ ಬಾಯಿಂದಲೇ ಹೇಳಿಸಲಾಯಿತು.

ಅದೇ ಮೇಳದ ಆವರಣದಲ್ಲಿ ಒಂದು ಕಿರುಹೊತ್ತಿಗೆಯನ್ನೂ ಹಂಚಲಾಗುತ್ತಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಇಡೀ ದೇಶದ ದನಿಯಾಗಿದ್ದ ಫ್ರೆಡರಿಕ್ ಡಗ್ಲಾಸ್, ಮೂವತ್ತೊಂದರ ಪತ್ರಕರ್ತೆ ಐಡಾ ಬಿ. ವೆಲ್ಸ್ ಮತ್ತು ಅವರ ಸಂಗಡಿಗರು ಅದನ್ನು ಹೊರತಂದಿದ್ದರು. ಈ ದೇಶವನ್ನು ಬೆವರು ಸುರಿಸಿ ಕಟ್ಟಿದ ಕಪ್ಪು ಜನರಿಗೆ ಈ ಪ್ರದರ್ಶನದಲ್ಲಿ ಸ್ಥಾನವಿಲ್ಲದಿರುವುದು ಏಕೆ ಎಂಬುದೇ ಅದರ ಪ್ರಶ್ನೆ. ನನ್ನ ಇಂದಿನ ಮಾತಿಗೆಲ್ಲ ಆಧಾರ ಈ ಎರಡು ಚಿತ್ರಗಳು ಒಂದೇ ಅಂಗಳದಲ್ಲಿ ಇದ್ದವೆಂಬುದು. ಕಪ್ಪು ಹೆಂಗಸು ಬಡಿಸುತ್ತ ನಕ್ಕರೆ ಅವರಿಗೆ ಮಳಿಗೆ ಸಿಗುತ್ತದೆ. ಪ್ರಶ್ನೆ ಕೇಳಿದರೆ ಕಿರುಹೊತ್ತಿಗೆಯನ್ನು ತಾವೇ ಅಚ್ಚುಹಾಕಿಸಿ ತಾವೇ ಹಂಚಬೇಕು.

ಜೆಮೈಮಾ ಎಂಬ ಹೆಸರು ಎಲ್ಲಿಂದ ಬಂತೆಂಬುದನ್ನೂ ತಿಳಿಯಬೇಕು. ಮುಖಕ್ಕೆ ಮಸಿ ಬಳಿದುಕೊಂಡ ನಟರು ಕಪ್ಪು ಜನರನ್ನು ಅಣಕಿಸುವ 'ಮಿನ್‌ಸ್ಟ್ರೆಲ್' ಪ್ರದರ್ಶನ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿತ್ತು. 1889ರಲ್ಲಿ ಪರ್ಲ್ ಮಿಲ್ಲಿಂಗ್ ಕಂಪನಿಯ ಕ್ರಿಸ್ ರಟ್ ಅಂಥದೊಂದು ಪ್ರದರ್ಶನದಲ್ಲಿ ಆ ಹೆಸರಿನ ಹಾಡು ಕೇಳಿ, ತನ್ನ ಹಿಟ್ಟಿಗೆ ಅದನ್ನೇ ಇಟ್ಟ. ಮುಂದೆ ಕಂಪನಿ ಕೈಬದಲಾಯಿತು, ಜಾಹೀರಾತಿನವರು ಜೆಮೈಮಾಳಿಗೊಂದು ಜೀವನಚರಿತ್ರೆಯನ್ನೇ ಹೊಸೆದರು: ಕರ್ನಲ್ ಹಿಗ್ಬೀ ಎಂಬ ಧಣಿ, ಅವನ ತೋಟದ ಮನೆ, ಧಣಿಯನ್ನು ಬಿಟ್ಟಿರಲಾರದ ಅಡುಗೆಯವಳು. ಎಲ್ಲವೂ ಕಟ್ಟುಕತೆ. 'ಆಂಟ್', 'ಅಂಕಲ್' ಎಂಬ ಸಂಬೋಧನೆ ನಮ್ಮ ಕಿವಿಗೆ ಗೌರವದ್ದಾಗಿ ಕೇಳುತ್ತದೆ. ಆದರೆ ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ವಯಸ್ಸಾದ ಕಪ್ಪು ಜನರಿಗೆ ಮಿಸ್ಟರ್, ಮಿಸೆಸ್ ಎಂಬ ಮರ್ಯಾದೆ ಕೊಡಲೊಲ್ಲದೆ ಹಾಗೆ ಕರೆಯುತ್ತಿದ್ದರು. ದುಡಿಮೆಯನ್ನು ಪುಕ್ಕಟೆಯಾಗಿ ಕಿತ್ತುಕೊಂಡವರು ಅದಕ್ಕೆ ಪ್ರೀತಿಯೆಂದು ಹೆಸರಿಟ್ಟು, ಆ ಪ್ರೀತಿಯನ್ನು ಪೊಟ್ಟಣದಲ್ಲಿ ತುಂಬಿ ಮಾರಿದರು.

1923ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಗುಲಾಮಗಿರಿಯ ಕಾಲದಲ್ಲಿ ಬಿಳಿಯರ ಮಕ್ಕಳನ್ನು ಸಾಕಿದ 'ನಿಷ್ಠಾವಂತ' ದಾದಿಯರ ನೆನಪಿಗೆಂದು ವಾಷಿಂಗ್ಟನ್‌ನಲ್ಲಿ ಸ್ಮಾರಕ ನಿಲ್ಲಿಸುವ ಮಸೂದೆಗೆ ಅಮೆರಿಕದ ಸೆನೆಟ್ ಒಪ್ಪಿಗೆ ಕೊಟ್ಟಿತು. ಕಪ್ಪು ಮಹಿಳೆಯರ ಸಂಘಗಳೂ ಪತ್ರಿಕೆಗಳೂ ತೀವ್ರವಾಗಿ ಪ್ರತಿಭಟಿಸಿದ್ದರಿಂದ ಅದು ಕೆಳಮನೆಯಲ್ಲಿ ನಿಂತುಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ನ್ಯಾನ್ಸಿ ಗ್ರೀನ್ ಷಿಕಾಗೋದಲ್ಲಿ ಕಾರು ಬಡಿದು ತೀರಿಕೊಂಡರು. ಓಕ್ ವುಡ್ಸ್ ಸ್ಮಶಾನದಲ್ಲಿ ಅವರನ್ನು ಹೂಳಿದ ಜಾಗಕ್ಕೆ ಒಂದು ಕಲ್ಲೂ ಇರಲಿಲ್ಲ. ಕಲ್ಪನೆಯ ದಾದಿಗೆ ರಾಜಧಾನಿಯಲ್ಲಿ ಸ್ಮಾರಕದ ಮಸೂದೆ, ನಿಜವಾದ ಹೆಂಗಸಿಗೆ ಹೆಸರಿಲ್ಲದ ಗೋರಿ. ಈ ಅನ್ಯಾಯವನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಐಡಾ ಬಿ. ವೆಲ್ಸ್ ಅವರ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.

ಇನ್ನು ಪೊಟ್ಟಣದ ಚಿತ್ರ ತೆಗೆಯುವ ಚರ್ಚೆಗೆ ಬರೋಣ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತ ಮೇಲೆ, ನೂರು ವರ್ಷದ ಅಹವಾಲಿಗೆ ಕಿವಿಗೊಡದ ಕಂಪನಿಗಳು ಕೆಲವೇ ವಾರಗಳಲ್ಲಿ ಎಚ್ಚೆತ್ತವು. ಜೆಮೈಮಾ ಹಿಟ್ಟನ್ನು ಆಗ ಮಾರುತ್ತಿದ್ದ ಕ್ವೇಕರ್ ಓಟ್ಸ್ ಜೂನ್ 17ರಂದು ಜೆಮೈಮಾ ಹೆಸರನ್ನೂ ಚಿತ್ರವನ್ನೂ ಕೈಬಿಡುವುದಾಗಿ ಹೇಳಿತು. ಮರುವರ್ಷ ಹಳೆಯ ಪರ್ಲ್ ಮಿಲ್ಲಿಂಗ್ ಹೆಸರು ಮರಳಿತು. ಅಂಕಲ್ ಬೆನ್ಸ್ ಅಕ್ಕಿ 'ಬೆನ್ಸ್ ಒರಿಜಿನಲ್' ಆಯಿತು. ನಮ್ಮ ಕರಾವಳಿಯವರಿಗೆ ಈ ಅಕ್ಕಿಯ ವಿಷಯದಲ್ಲಿ ತಿಳಿಯಬೇಕಾದ್ದೊಂದಿದೆ. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದೇ ಅದರ ಹಿಂದಿನ ತಂತ್ರ. ಮಂಗಳೂರು, ಉಡುಪಿಯ ಮನೆಗಳಲ್ಲಿ ತಲೆತಲಾಂತರದಿಂದ ಕುಚ್ಚಲಕ್ಕಿ ಆಗುತ್ತಿರುವುದೂ ಹಾಗೆಯೇ. ಯಂತ್ರದಿಂದ ಮಾಡಿದ ವಿಧಾನಕ್ಕೆ ಯುರೋಪಿನಲ್ಲಿ ಪೇಟೆಂಟ್ ಸಿಕ್ಕಿತು, ಪೊಟ್ಟಣದ ಮೇಲೆ ಷಿಕಾಗೋದ ಹೋಟೆಲ್ ಸಿಬ್ಬಂದಿ ಫ್ರಾಂಕ್ ಬ್ರೌನ್ ಅವರ ಮುಖ ಬಂತು. ಭತ್ತವನ್ನು ಹಾಗೆ ಬೇಯಿಸುತ್ತ ಬಂದ ಏಷ್ಯಾದ ರೈತ ಹೆಂಗಸರ ಸುಳಿವೇ ಅದರಲ್ಲಿ ಇರಲಿಲ್ಲ.

ಚಿತ್ರ ತೆಗೆದದ್ದು ಸರಿಯೇ? ಎಲ್ಲರೂ ಒಪ್ಪಲಿಲ್ಲ. ನ್ಯಾನ್ಸಿ ಗ್ರೀನ್ ನಂತರ ಜೆಮೈಮಾ ಪಾತ್ರ ಮಾಡಿದ ಹೆಂಗಸರ ವಂಶಸ್ಥರಲ್ಲಿ ಕೆಲವರು ನೊಂದುಕೊಂಡರು. ನಮ್ಮ ಅಜ್ಜಿ ಮರ್ಯಾದೆಯಿಂದ ದುಡಿದ ಕೆಲಸವಿದು, ಅದರ ಗುರುತನ್ನೇ ಅಳಿಸುತ್ತೀರಲ್ಲ ಎಂದರು. ಲ್ಯಾಂಡ್ ಓ ಲೇಕ್ಸ್ ಬೆಣ್ಣೆಯ ಪೊಟ್ಟಣದಲ್ಲಿದ್ದ ಮೂಲನಿವಾಸಿ ಯುವತಿಯ ಚಿತ್ರವೂ ಅದೇ ವರ್ಷ ಹೋಯಿತು. 1954ರಲ್ಲಿ ಅದನ್ನು ತಿದ್ದಿ ಬರೆದವರು ಸ್ವತಃ ಒಜಿಬ್ವೆ ಜನಾಂಗದ ಕಲಾವಿದ ಪ್ಯಾಟ್ರಿಕ್ ಡೆಸ್‌ಜಾರ್ಲೈ. ತಂದೆಯ ಚಿತ್ರ ಅವಮಾನಕರವಾಗಿರಲಿಲ್ಲವೆಂದು ಅವರ ಮಗ ಬಹಿರಂಗವಾಗಿ ಬರೆದರು. ಮಿನಿಸೋಟದ ಲೆಫ್ಟಿನೆಂಟ್ ಗವರ್ನರ್ ಪೆಗ್ಗಿ ಫ್ಲ್ಯಾನಗನ್ ಕೂಡ ಒಜಿಬ್ವೆಯವರೇ. ಅವರು ಚಿತ್ರ ತೆಗೆದದ್ದಕ್ಕೆ ಧನ್ಯವಾದ ಹೇಳಿದರು.

ನಾನು ಈ ಎರಡೂ ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಒಜಿಬ್ವೆ ಕಲಾವಿದ ತನ್ನ ಸೀಮೆಯ ಸರೋವರವನ್ನು ಆ ಚಿತ್ರದೊಳಗೆ ತಂದಿದ್ದರು. ಅದರಲ್ಲಿ ಅವರ ಕೈ ಇತ್ತು, ಮನಸ್ಸೂ ಇತ್ತು. ಜೆಮೈಮಾ ಹುಟ್ಟಿದ್ದೇ ಅಣಕದಿಂದ. 1989ರಲ್ಲಿ ತಲೆವಸ್ತ್ರ ತೆಗೆದು ಕಿವಿಗೆ ಮುತ್ತಿನ ಓಲೆ ಹಾಕಿದರೂ ಆ ಹುಟ್ಟು ಬದಲಾಗಲಿಲ್ಲ. ಆದ್ದರಿಂದ ಅದು ಹೋದದ್ದು ನ್ಯಾಯ. ಆದರೆ ವಂಶಸ್ಥರ ನೋವೂ ನ್ಯಾಯವಾದದ್ದೇ. ಮುಖ ತೆಗೆದವರು ಆ ಮುಖದ ಹಿಂದೆ ದುಡಿದವರ ಹೆಸರನ್ನು ಮೇಲೆ ತರಬೇಕಿತ್ತು. ಆ ಕೆಲಸ ಮಾಡಿದ್ದು ಷಿಕಾಗೋದ ಬ್ರಾಂಜ್‌ವಿಲ್ ಇತಿಹಾಸ ಸಂಘದ ಶೆರಿ ವಿಲಿಯಮ್ಸ್. ಹಲವು ವರ್ಷ ಗೋರಿ ಹುಡುಕಿ, ವಾರಸುದಾರರ ಅನುಮತಿ ಪಡೆದು, 2020ರ ಸೆಪ್ಟೆಂಬರ್‌ನಲ್ಲಿ ನ್ಯಾನ್ಸಿ ಗ್ರೀನ್ ಹೆಸರಿನ ಕಲ್ಲು ನೆಡಿಸಿದರು.

ಏಷ್ಯಾದ ನಾವೇನು ಈ ವ್ಯಾಪಾರದ ಹೊರಗಿರಲಿಲ್ಲ. 1933ರಲ್ಲಿ ಶಾಂಘೈಯಲ್ಲಿ ಶುರುವಾದ 'ಡಾರ್ಕಿ' ಟೂತ್‌ಪೇಸ್ಟ್‌ನ ಗುರುತು, ಮಸಿ ಬಳಿದುಕೊಂಡು ಬಿಳಿ ಹಲ್ಲು ತೋರಿಸುವ ಮಿನ್‌ಸ್ಟ್ರೆಲ್ ನಟ. ಅರ್ಧ ಪಾಲು ಕೊಂಡ ಕೋಲ್ಗೇಟ್ 1989ರಲ್ಲಿ ಅದನ್ನು 'ಡಾರ್ಲಿ' ಮಾಡಿತು. ಚೀನೀ ಭಾಷೆಯಲ್ಲಿದ್ದ 'ಕಪ್ಪು ಮನುಷ್ಯನ ಟೂತ್‌ಪೇಸ್ಟ್' ಎಂಬ ಹೆಸರು ಬದಲಾಗಲು 2022ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ 1975ರಿಂದ ಮಾರುತ್ತಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಕಪ್ಪಗಿರುವ ಹುಡುಗಿಗೆ ಕೆಲಸವೂ ಇಲ್ಲ, ವರನೂ ಇಲ್ಲ, ಬೆಳ್ಳಗಾದೊಡನೆ ಎರಡೂ ಉಂಟು ಎಂಬ ಕತೆಯನ್ನು ಎರಡು ತಲೆಮಾರಿನ ಹೆಣ್ಣುಮಕ್ಕಳು ಟಿವಿಯಲ್ಲಿ ನೋಡಿ ಬೆಳೆದಿದ್ದಾರೆ. ಹೆಸರು ಬದಲಾದ ಮೇಲೂ ಹೆಣ್ಣು ನೋಡಿ ಬಂದವರು "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಡಿಮೆ" ಎನ್ನುವುದು ನಿಂತಿಲ್ಲ.

ಈ ನೋಟದ ಪೂರ್ತಿ ಭಾರ ಹೊತ್ತವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಬದುಕುವ ಸಿದ್ದಿಯರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕನ್ನರ ಸಂತತಿ ಇವರಲ್ಲಿ ಬಹಳ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಆದರೂ ಬೆಂಗಳೂರಿನಲ್ಲಿ ಸಿದ್ದಿ ಯುವಕ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವರಿದ್ದಾರೆ. ಹೊಗಳಿಕೆಯೂ ಜನರನ್ನು ಒಂದೇ ಅಚ್ಚಿಗೆ ಹಾಕುತ್ತದೆ ಎಂಬುದಕ್ಕೆ ಅವರ ಅನುಭವವೇ ಸಾಕ್ಷಿ. ಆಫ್ರಿಕಾದ ರಕ್ತ ಇರುವುದರಿಂದ ಇವರು ಹುಟ್ಟು ಓಟಗಾರರು ಎಂಬ ನಂಬಿಕೆಯ ಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಗೆ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಅನೇಕರು ಊರಿಗೆ ಮರಳಿದರು. ಈ ಮಕ್ಕಳಲ್ಲಿ ಗಣಿತದವರು, ವೈದ್ಯರಾಗಬಲ್ಲವರು ಎಷ್ಟು ಮಂದಿ ಎಂದು ಆಗ ಯಾರೂ ಹುಡುಕಹೊರಡಲಿಲ್ಲ.

ಮುಖವನ್ನು ಮಾತ್ರ ನೋಡಿ ಮನುಷ್ಯರನ್ನು ಕಾಣದಿದ್ದರೆ ಏನಾಗುತ್ತದೆಂದು 2016ರ ಜನವರಿಯ ಕೊನೆಯ ದಿನ ಬೆಂಗಳೂರು ಕಂಡಿದೆ. ಸುಡಾನಿನ ವ್ಯಕ್ತಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಬೇರೊಂದು ಕಾರಿನಲ್ಲಿ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಆಕೆಗೂ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಬಣ್ಣವೊಂದೇ ಗುಂಪಿಗೆ ಸಾಕಾಯಿತು.

ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ಆ ಸಮುದಾಯದ ಮೊದಲಿಗರಾಗಿ ವಿಧಾನ ಪರಿಷತ್ತು ಪ್ರವೇಶಿಸಿದ್ದು 2020ರಲ್ಲಿ. ಸಿದ್ದಿಯರ ಚರಿತ್ರೆಯನ್ನು ಮಾತ್ರ ಇಂದಿಗೂ ಹೆಚ್ಚಾಗಿ ಬೇರೆಯವರೇ ಬರೆಯುತ್ತಿದ್ದಾರೆ. ಈ ಸಭೆಯಲ್ಲಿ ವಿಶ್ವವಿದ್ಯಾಲಯದ ಹಿರಿಯರಿದ್ದೀರಿ, ದಾನಿಗಳಿದ್ದೀರಿ. ಸಿದ್ದಿ ಯುವಕ ಯುವತಿಯರು ತಮ್ಮ ಅಜ್ಜ ಅಜ್ಜಿಯರ ಮಾತನ್ನು ತಾವೇ ದಾಖಲಿಸಿ, ತಾವೇ ಬರೆದು, ತಮ್ಮದೇ ಹೆಸರಿನಲ್ಲಿ ಪ್ರಕಟಿಸಲು ಒಂದು ಸಂಶೋಧನ ವೇತನವನ್ನು ಈ ವರ್ಷವೇ ಶುರುಮಾಡಿ ಎಂದು ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಇಂದಿನ ಗೌರವಧನವನ್ನು ಆ ನಿಧಿಗೆ ನನ್ನ ಮೊದಲ ಕಾಣಿಕೆಯಾಗಿ ಸ್ವೀಕರಿಸಿ.