ಸ್ಕ್ಯಾನಿಂಗ್ ‘ನಾರ್ಮಲ್’ ಬಂದರೆ ಕಾಯಿಲೆ ಇಲ್ಲವೇ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನನ್ನಲ್ಲಿ ಓದಿದ ಜಾಣ ಹುಡುಗನೊಬ್ಬ ಕಾಲೇಜು ಸೇರಿದ ಮೇಲೆ ಒಬ್ಬನೇ ಮಾತಾಡತೊಡಗಿದ. ಯಾರೋ ತನ್ನನ್ನು ಬೈಯುವ ದನಿ ಕೇಳಿಸುತ್ತದೆ ಎನ್ನುತ್ತಿದ್ದ. ನೆರೆಯವರು ಗಾಳಿ ಸೋಕಿದೆ ಎಂದರು, ಮನೆಯವರು ಅಸರ್ ಎಂದರು. ಕೊನೆಗೆ ಸಾಲ ಮಾಡಿ ತಲೆಯ ಸ್ಕ್ಯಾನಿಂಗ್ ಮಾಡಿಸಿದರು. ವರದಿ ‘ನಾರ್ಮಲ್’ ಎಂದು ಬಂತು. “ಏನೂ ಇಲ್ಲವಂತೆ, ಇವನದು ಬರೀ ನಾಟಕ” ಎಂದು ತಂದೆ ಅವನ ಮೇಲೆ ಕೈ ಮಾಡಿದರು. ಚಿಕಿತ್ಸೆಯಿಲ್ಲದೆ ಒಂದು ವರ್ಷ ಹೋಯಿತು.

ಆ ವರದಿಯ ಅರ್ಥ ಅದಲ್ಲ. ಇಲ್ಲದ ದನಿ ಕೇಳುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗುವುದು ಚಿತ್ತವಿಕಲತೆಯ, ಅಂದರೆ ಸೈಕೋಸಿಸ್‌ನ ಲಕ್ಷಣಗಳು. ಆಗ ವೈದ್ಯರು ಸಿ.ಟಿ. ಅಥವಾ ಎಂ.ಆರ್.ಐ. ಬರೆಯುವುದು ಮುಖ್ಯವಾಗಿ ಇದಕ್ಕೆ ಬೇರೆ ಕಾರಣವಿದೆಯೇ ಎಂದು ನೋಡಲು: ಮೆದುಳಿನ ಗಡ್ಡೆ, ಪೆಟ್ಟು, ರಕ್ತಸ್ರಾವ, ಸೋಂಕು. ಜೊತೆಗೆ ಫಿಟ್ಸ್, ಜ್ವರ, ಕೈಕಾಲಿನ ನಿಶ್ಶಕ್ತಿ ಇದ್ದರೆ, ಅಥವಾ ಇಳಿವಯಸ್ಸಿನಲ್ಲಿ ಮೊದಲ ಬಾರಿ ಕಾಣಿಸಿಕೊಂಡರೆ ಈ ಪರೀಕ್ಷೆ ಬಹಳ ಅಗತ್ಯ.

1976ರಲ್ಲಿ ಇಂಗ್ಲೆಂಡಿನಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಸಂಗಡಿಗರು ದೀರ್ಘಕಾಲದ ಸ್ಕಿಜೋಫ್ರೇನಿಯಾ ರೋಗಿಗಳ ಸಿ.ಟಿ. ಸ್ಕ್ಯಾನ್ ತೆಗೆದು, ಮೆದುಳಿನೊಳಗೆ ದ್ರವ ತುಂಬಿರುವ ಕೋಣೆಗಳು ಸರಾಸರಿಯಲ್ಲಿ ದೊಡ್ಡದಾಗಿರುವುದನ್ನು ತೋರಿಸಿದರು. ಈ ಕಾಯಿಲೆಗೂ ಮೆದುಳಿಗೂ ಸಂಬಂಧವಿದೆ ಎಂಬುದಕ್ಕೆ ಇದು ದೊಡ್ಡ ಆಧಾರವಾಯಿತು. ಹಾಗಾದರೆ ಸ್ಕ್ಯಾನ್ ನೋಡಿಯೇ ರೋಗ ಹೇಳಬಹುದಲ್ಲ ಎಂದು ನೀವು ಕೇಳಬಹುದು. ವಿದ್ಯಾರ್ಥಿಗಳೇ, ಎಂಟನೇ ತರಗತಿಗಿಂತ ಒಂಬತ್ತನೇ ತರಗತಿಯ ಸರಾಸರಿ ಎತ್ತರ ಹೆಚ್ಚು. ಆದರೆ ಒಬ್ಬ ಹುಡುಗನ ಎತ್ತರ ನೋಡಿ ಅವನ ತರಗತಿ ಹೇಳಲಾದೀತೇ? ಇದೂ ಹಾಗೆಯೇ. ಆರೋಗ್ಯವಂತರಲ್ಲೂ ಆ ಕೋಣೆಗಳು ದೊಡ್ಡದಿರಬಹುದು, ರೋಗಿಯಲ್ಲಿ ಸಾಮಾನ್ಯವಾಗಿರಬಹುದು. ಸ್ಕಿಜೋಫ್ರೇನಿಯಾ ಇದೆಯೆಂದು ಖಚಿತಪಡಿಸುವ ಸ್ಕ್ಯಾನ್ ಇಂದಿಗೂ ಇಲ್ಲ. ಮನೋವೈದ್ಯರು ರೋಗಿಯನ್ನು ಮಾತಾಡಿಸಿ, ಮನೆಯವರನ್ನು ವಿಚಾರಿಸಿ, ಕೆಲಕಾಲ ಗಮನಿಸಿಯೇ ನಿರ್ಧರಿಸುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ವರದಿ ನಾರ್ಮಲ್ ಬಂದರೆ ಸಂತೋಷಪಡಿ. ಗಡ್ಡೆಯಂಥ ಭಯ ದೂರವಾಯಿತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಮಗುವನ್ನು ಸುಳ್ಳುಗಾರ ಎನ್ನಬೇಡಿ. ಹಣ ಹೊಂದಿಸಿ ಸ್ಕ್ಯಾನ್ ಮಾಡಿಸಿದ ಮೇಲೆಯೇ ಮನೋವೈದ್ಯರ ಬಳಿ ಹೋಗೋಣ ಎಂದು ಕಾಯಲೂಬೇಡಿ. ಯಾರಿಗೆ ಅದು ಬೇಕೆಂದು ಅವರೇ ಹೇಳುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ, 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಈಗ ಮಾತ್ರೆ ತಪ್ಪಿಸದೆ ತೆಗೆದುಕೊಂಡು ತಂದೆಯ ಅಂಗಡಿಯ ಲೆಕ್ಕ ಬರೆಯುತ್ತಿದ್ದಾನೆ. ಕಳೆದುಹೋದ ಆ ಒಂದು ವರ್ಷದ ಮಾತು ಬಂದರೆ ತಂದೆ ಇಂದಿಗೂ ತಲೆ ತಗ್ಗಿಸುತ್ತಾರೆ. ಆ ಸ್ಥಿತಿ ನಿಮ್ಮಲ್ಲಿ ಯಾರಿಗೂ ಬಾರದಿರಲಿ.