ಹಿರಿಯರ ಆರೈಕೆ ಮತ್ತು ಅಡುಗೆ ಸೋಡಾ

(ರೋಗಿಗಳು ಹಾಗೂ ಅವರ ಕಡೆಯವರಿಗಾಗಿ ನೀಡಿದ ಉಪನ್ಯಾಸ)



ಇಡ್ಲಿಗೆ, ಬಜ್ಜಿಗೆ ಹಾಕುವ ಸೋಡಾ ಪುಡಿ ನಿಮ್ಮೆಲ್ಲರ ಮನೆಯಲ್ಲೂ ಇರುತ್ತದೆ. ವಯಸ್ಸಾದವರ ಆರೈಕೆಗೂ ಅದು ಒದಗುತ್ತದೆ. ಬಟ್ಟೆ ಒಗೆಯುವ ಸೋಡಾ ಮಾತ್ರ ಬೇರೆ. ಅದು ಬಾಯಿ, ಗಂಟಲು ಸುಡುತ್ತದೆ. ಎರಡೂ ಬಿಳಿ ಪುಡಿ, ಅಜ್ಜಿಗೆ ಕಣ್ಣು ಮಂಜು. ಡಬ್ಬಿಗಳನ್ನು ಬೇರೆ ಬೇರೆ ಕಡೆ ಇಡಿ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ.

ಬಿ.ಪಿ., ಮೂತ್ರದ ತೊಂದರೆ ಮುಂತಾದವುಗಳಿಗೆ ಕೊಡುವ ಕೆಲವು ಮಾತ್ರೆಗಳಿಂದ ಹಿರಿಯರ ಬಾಯಿ ಒಣಗುತ್ತದೆ. ಊಟ ರುಚಿಸುವುದಿಲ್ಲ. ತಟ್ಟೆ ಸರಿಸಿದರೆ ತಪ್ಪು ಬರುವುದು ಅಡುಗೆ ಮಾಡಿದ ಸೊಸೆಯ ಮೇಲೆ! ಮೊದಲು ಬಾಯಿ ನೋಡಿ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಸೋಡಾ, ಒಂದು ಚಿಟಿಕೆ ಉಪ್ಪು ಹಾಕಿ ಕರಗಿಸಿ. ಊಟದ ನಂತರ ಮುಕ್ಕಳಿಸಿ ಉಗುಳಲಿ, ನುಂಗಬಾರದು. ಬಾಯಿಯ ಹುಳಿ ತಗ್ಗುತ್ತದೆ, ಅಂಟು ಲೋಳೆ ಸಡಿಲವಾಗುತ್ತದೆ. ಉಗುಳಲಾರದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಶುಭ್ರವಾದ ಬಟ್ಟೆಯನ್ನು ಅದ್ದಿ, ಹಿಂಡಿ, ಬೆರಳಿಗೆ ಸುತ್ತಿಕೊಂಡು ಒಸಡು, ನಾಲಿಗೆ ಒರೆಸಿ. ವಾರ್ಡಿನ ಸಿಸ್ಟರನ್ನು ಕೇಳಿದರೆ ಮಾಡಿ ತೋರಿಸುತ್ತಾರೆ. ಬಿಳಿ ಪದರ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ನಮ್ಮ ಮಲೆನಾಡಿನ ಹಿರಿಯರು ಕಟ್ಟಿಸಿಕೊಂಡ ಹಲ್ಲಿನಲ್ಲೂ ಎಲೆ ಅಡಿಕೆ ಬಿಡುವುದಿಲ್ಲ. ರಾತ್ರಿ ಸೆಟ್ಟನ್ನು ತೆಗೆಸಿ, ಒಂದು ಲೋಟ ನೀರಿಗೆ ಒಂದು ಚಮಚ ಸೋಡಾ ಹಾಕಿ ನೆನೆಯಲು ಬಿಡಿ. ಬಿಸಿ ನೀರು ಬೇಡ, ಸೆಟ್ಟು ಸೊಟ್ಟಗಾಗುತ್ತದೆ. ಬೆಳಿಗ್ಗೆ ಮೃದುವಾದ ಬ್ರಷ್‌ನಿಂದ ಉಜ್ಜಿ, ತೊಳೆದು ಕೊಡಿ.

ಹಾಸಿಗೆಯಲ್ಲಿ ಮೂತ್ರದ ವಾಸನೆ ಇದ್ದರೆ ಒಣಗಿಸಿ, ಸೋಡಾ ಉದುರಿಸಿ, ಒಂದು ಗಂಟೆ ಬಿಟ್ಟು ಝಾಡಿಸಿ. ಬೆನ್ನಿನ ಹುಣ್ಣಿಗೆ ಮಾತ್ರ ಹಚ್ಚಲೇಬೇಡಿ.

ಇನ್ನು ಕುಡಿಯುವ ವಿಚಾರ. ಭದ್ರಾವತಿಯ ಒಬ್ಬ ನಿವೃತ್ತ ಕಾರ್ಮಿಕರಿಗೆ ರಾತ್ರಿ ಊಟದ ನಂತರ ಎದೆ ಹಿಡಿದಂತಾಯಿತು. ಗ್ಯಾಸ್ ಎಂದುಕೊಂಡು ಸೋಡಾ ಪುಡಿ ಕಲಸಿ ಕುಡಿದರು. ದೊಡ್ಡ ತೇಗು ಬಂತು, ಮಲಗಿದರು. ಬೆಳಿಗ್ಗೆ ಬೆವರಿನಲ್ಲಿ ತೊಯ್ದುಹೋದವರನ್ನು ಕರೆತಂದಾಗ ಇ.ಸಿ.ಜಿ.ಯಲ್ಲಿ ಹೃದಯಾಘಾತ ಕಂಡಿತು. ಜೀವ ಉಳಿಯಿತು. ಆದರೆ ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. "ತೇಗು ಬಂತಲ್ಲ ಸಿಸ್ಟರ್, ಅದಕ್ಕೇ ಸುಮ್ಮನಾದೆವು" ಎಂದು ಮಗ ಅತ್ತರು.

ಆ ತೇಗು ಸೋಡಾದ್ದೇ! ಸೋಡಾ ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಯಾರು ಕುಡಿದರೂ ತೇಗು ಬರುತ್ತದೆ. ನೋವು ಗ್ಯಾಸಿನದೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅಲ್ಲದೆ ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ದಿನಕ್ಕೆ 2,000ಕ್ಕಿಂತ ಕಡಿಮೆ ಇರಬೇಕು. ಸಾರಿಗೆ ಉಪ್ಪು ಬಿಟ್ಟು ಸೋಡಾ ಕುಡಿದರೆ ಪಥ್ಯ ಎಲ್ಲಿ ಉಳಿಯಿತು? ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇರುವವರು ತಾವಾಗಿಯೇ ಕುಡಿಯಬಾರದು. ಈನೋದಲ್ಲಿರುವುದೂ ಇದೇ ಸೋಡಾ. ವೈದ್ಯರೇ ಬರೆದುಕೊಟ್ಟ ಸೋಡಾ ಮಾತ್ರೆಯ ಮಾತು ಬೇರೆ, ಅದನ್ನು ನೀವಾಗಿ ನಿಲ್ಲಿಸಬೇಡಿ.

ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತಾಗಬಹುದು. ಬೈಕಿನ ಹಿಂದೆ ಕೂರಿಸಿಕೊಂಡು ಬರಬೇಡಿ, 108ಕ್ಕೆ ಫೋನ್ ಮಾಡಿ. ಬರುವಾಗ ಹಳೆಯ ಚೀಟಿ, ಮಾತ್ರೆಗಳು ಜೊತೆಯಲ್ಲಿರಲಿ.